ಥೀಸಿಸ್‌ನಲ್ಲಿ ಉಲ್ಲೇಖ ಸರಿಯಾಗಿ ಹಾಕುವುದು: ಮೊದಲ ಪುಸ್ತಕದಿಂದ ಕೊನೆಯ ಪ್ರೂಫ್‌ವರೆಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಸಂಶೋಧನಾ ವಿದ್ಯಾರ್ಥಿಗಳು ಕರಡು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಿರುತ್ತಾರೆ. ಒಬ್ಬರದು ಶಾಸನ, ಒಬ್ಬರದು ದಾಸ ಸಾಹಿತ್ಯ, ಇನ್ನೊಬ್ಬರದು ಭತ್ತದ ಇಳುವರಿ. ವಿಷಯ ಬೇರೆ ಬೇರೆ, ಎಡವುವ ಜಾಗ ಮಾತ್ರ ಒಂದೇ. ಐದೂ ಅಧ್ಯಾಯ ಬರೆದು ಮುಗಿಸಿ, ಸಲ್ಲಿಸಲು ಹದಿನೈದು ದಿನ ಇರುವಾಗ ಅಡಿಟಿಪ್ಪಣಿ ಹಾಕಲು ಕೂರುತ್ತಾರೆ. ಅಷ್ಟರಲ್ಲಿ ಪುಸ್ತಕ ಲೈಬ್ರರಿಗೆ ವಾಪಸ್ ಹೋಗಿರುತ್ತದೆ. ಪುಟ ನೆನಪಿರುವುದಿಲ್ಲ. ಆಗ ಯಾರದೋ ಹಳೆಯ ಥೀಸಿಸ್ ತೆರೆದು ಅಲ್ಲಿಯ ಅಡಿಟಿಪ್ಪಣಿಯನ್ನೇ ಎತ್ತಿ ತಮ್ಮದಕ್ಕೆ ಹಾಕಿಕೊಳ್ಳುತ್ತಾರೆ, ಆ ಹಳೆಯ ಥೀಸಿಸ್‌ನವರೂ ಹಾಗೇ ಮಾಡಿರಬಹುದು ಎಂಬ ಅನುಮಾನವೂ ಬರುವುದಿಲ್ಲ.

ಈ ಕ್ರಮ ತಿರುಗಬೇಕು. ಉಲ್ಲೇಖದ ಕೆಲಸ ಓದುವಾಗಲೇ ಮುಗಿದಿರಬೇಕು. ಬರೆಯುವಾಗ ಅದನ್ನು ಎತ್ತಿ ಇಡುವುದಷ್ಟೇ ಉಳಿಯಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಐದನೆಯದನ್ನು ಮೊದಲು ಮಾಡಿ ಎರಡನೆಯದನ್ನು ಆಮೇಲೆ ನೋಡೋಣ ಅಂದರೆ ಮತ್ತೆ ಅದೇ ಗುಂಡಿಗೆ ಬೀಳುತ್ತೀರಿ.

ಮೊದಲು ಕೈಯಲ್ಲಿ ಇರಬೇಕಾದದ್ದು

ಜಾಸ್ತಿ ಏನೂ ಬೇಡ. ಕ್ಯಾಮೆರಾ ಇರುವ ಫೋನ್, ಒಂದು ನೋಟ್‌ಬುಕ್, ಮೂರು ಬಣ್ಣದ ಪೆನ್ನು, ಮತ್ತು ಕಂಪ್ಯೂಟರಿನಲ್ಲಿ ಜೊಟೆರೊ ಎಂಬ ಉಚಿತ ತಂತ್ರಾಂಶ. ಜೊಟೆರೊ ಪುಸ್ತಕ, ಲೇಖನಗಳ ವಿವರ ಸಂಗ್ರಹಿಸಿ ಇಡುತ್ತದೆ, ವರ್ಡ್ ಕಡತಕ್ಕೆ ನೇರವಾಗಿ ಉಲ್ಲೇಖ ಹಾಕಿಕೊಡುತ್ತದೆ. ಕನ್ನಡವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಅದಕ್ಕೆ ತೊಂದರೆ ಇಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ.

ಇನ್ನೊಂದು ಬೇಕು. ನಿಮ್ಮ ವಿಶ್ವವಿದ್ಯಾಲಯ ಯಾವ ಉಲ್ಲೇಖ ಶೈಲಿ ಕೇಳುತ್ತದೆ ಎಂದು ಗೈಡ್ ಹತ್ತಿರ ಮೊದಲ ತಿಂಗಳೇ ಕೇಳಿ ಬರೆದಿಟ್ಟುಕೊಳ್ಳಿ. ಕನ್ನಡ ವಿಭಾಗದಲ್ಲಿ ಅಡಿಟಿಪ್ಪಣಿ ನಡೆಯುತ್ತದೆ, ಕೃಷಿ ಮತ್ತು ವಿಜ್ಞಾನದವರು ವಾಕ್ಯದೊಳಗೇ ಹೆಸರು, ವರ್ಷ ಹಾಕುತ್ತಾರೆ. ಯಾವುದಾದರೂ ಸರಿ, ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಇರಲಿ.

ಹಂತ 1: ಪುಸ್ತಕ ಕೈಗೆ ಬಂದ ಕೂಡಲೇ ಮೂರು ಫೋಟೊ

ಒಂದು ಅಕ್ಷರ ಓದುವ ಮೊದಲೇ ಶೀರ್ಷಿಕೆ ಪುಟ, ಅದರ ಹಿಂಬದಿ, ಪರಿವಿಡಿ ಈ ಮೂರರ ಫೋಟೊ ತೆಗೆಯಿರಿ. ಜಾಸ್ತಿ ಬೇಕಾಗುವುದು ಹಿಂಬದಿಯೇ. ಪ್ರಥಮ ಮುದ್ರಣವೋ, ದ್ವಿತೀಯವೋ, ಪರಿಷ್ಕೃತ ಆವೃತ್ತಿಯೋ, ಪ್ರಕಾಶಕರು ಯಾರು, ವರ್ಷ ಯಾವುದು, ಎಲ್ಲವೂ ಅಲ್ಲೇ ಇರುತ್ತದೆ. ಪರಿಷ್ಕೃತ ಆವೃತ್ತಿಯಲ್ಲಿ ಮುನ್ನುಡಿ ಹೆಚ್ಚಾಗುತ್ತದೆ, ಅಕ್ಷರದ ಗಾತ್ರ ಬದಲಾಗುತ್ತದೆ, ಪುಟಗಳು ಜರುಗುತ್ತವೆ.

ನನ್ನದೇ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಇದರ ಏಟು ತಿಂದಿದ್ದೇನೆ. ಒಂದು ಮಾತಿಗೆ ಪುಟ 112 ಎಂದು ಹಾಕಿದ್ದೆ. ಪರೀಕ್ಷಕರು ಅದೇ ಪುಸ್ತಕ ತಂದಿದ್ದರು, 112 ತೆರೆದು ನನ್ನ ಮುಂದೆ ಇಟ್ಟರು. ಅಲ್ಲಿ ಒಂದು ದೇವಸ್ಥಾನದ ಚಿತ್ರ ಇತ್ತು, ನಾನು ಹೇಳಿದ ಮಾತು ಇರಲಿಲ್ಲ. ಓದಿದ್ದು ಎರಡನೇ ಮುದ್ರಣ, ಗ್ರಂಥಸೂಚಿಯಲ್ಲಿ ಬರೆದದ್ದು ಮೊದಲ ಮುದ್ರಣದ ವರ್ಷ. ಮಾತು ನಿಜವೇ ಆಗಿತ್ತು, ಆದರೆ ಆ ಕ್ಷಣದಲ್ಲಿ ಅದನ್ನು ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಸ್ಕ್ಯಾನ್ ಆದ ಪುಸ್ತಕ ಓದುವವರಿಗೆ ಇನ್ನೊಂದು ಎಚ್ಚರಿಕೆ. ಇಂಟರ್ನೆಟ್ ಆರ್ಕೈವ್‌ನಂಥ ಕಡೆ ಸಿಗುವ ಪಿಡಿಎಫ್‌ನಲ್ಲಿ ಪರದೆಯ ಮೇಲೆ ಕಾಣುವ ಪುಟ ಸಂಖ್ಯೆ ಬೇರೆ, ಕಾಗದದ ಮೇಲೆ ಅಚ್ಚಾದ ಸಂಖ್ಯೆ ಬೇರೆ. ಪರದೆಯಲ್ಲಿ 57 ಅಂದದ್ದು ಪುಸ್ತಕದ 41 ಆಗಿರಬಹುದು. ಅಚ್ಚಾದ ಸಂಖ್ಯೆಯನ್ನೇ ಬರೆದುಕೊಳ್ಳಿ.

ಹಂತ 2: ಟಿಪ್ಪಣಿಯಲ್ಲಿ ಮೂರು ಬಣ್ಣ

ಕಪ್ಪು ಪೆನ್ನಿನಲ್ಲಿ ಲೇಖಕರ ಮಾತು ಇದ್ದ ಹಾಗೇ, ಉದ್ಧರಣ ಚಿಹ್ನೆ ಸಮೇತ. ನೀಲಿಯಲ್ಲಿ ಅವರ ವಿಚಾರ, ನಿಮ್ಮ ಮಾತಿನಲ್ಲಿ. ಕೆಂಪಿನಲ್ಲಿ ನಿಮ್ಮದೇ ಯೋಚನೆ, ಪ್ರಶ್ನೆ, ಅನುಮಾನ. ಪ್ರತಿ ಟಿಪ್ಪಣಿಯ ಎಡಗಡೆ ಪುಟ ಸಂಖ್ಯೆ. ಪುಟ ಸಂಖ್ಯೆ ಇಲ್ಲದ ಟಿಪ್ಪಣಿಯನ್ನು ಬರೆಯಲೇಬೇಡಿ.

ಇದು ಚಿಕ್ಕ ಮಕ್ಕಳ ಕೆಲಸದ ಹಾಗೆ ಕಾಣಬಹುದು. ಎರಡು ವರ್ಷ ಬಿಟ್ಟು ಅದೇ ನೋಟ್‌ಬುಕ್ ತೆರೆದಾಗ ಯಾವ ವಾಕ್ಯ ಯಾರದು ಎಂದು ನಿಮಗೇ ಗೊತ್ತಾಗುವುದಿಲ್ಲ. ಕೃತಿಚೌರ್ಯದ ಆರೋಪ ಹೊತ್ತವರಲ್ಲಿ ಬೇಕೆಂದೇ ಕದ್ದವರು ಇರುತ್ತಾರೆ, ನಿಜ. ಆದರೆ ನಾನು ಕಂಡವರಲ್ಲಿ ಜಾಸ್ತಿ ಜನ ತಮ್ಮ ಟಿಪ್ಪಣಿಯಲ್ಲಿದ್ದ ಬೇರೆಯವರ ವಾಕ್ಯವನ್ನು ತಮ್ಮದೇ ಅಂದುಕೊಂಡು ಬರೆದವರು.

ಹಂತ 3: ಮೂಲ ತೆರೆಯದೆ ಮೂಲದ ಹೆಸರು ಹಾಕಬೇಡಿ

ಅತಿ ಹೆಚ್ಚು ಜನ ಸೋಲುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಂತು ನೋಡೋಣ.

ನಮ್ಮ ಕಡೆಯದೇ ಉದಾಹರಣೆ. ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂತು. ಅದರಲ್ಲಿ ದೇವಾನಂಪಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಹೆಸರು ಹೀಗೆ ನೇರವಾಗಿ ಬಂದಿರಲಿಲ್ಲ. ಆದ್ದರಿಂದ ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿಯದು ಎಂದು ಆ ಕಾಲದ ವಿದ್ವಾಂಸರು ಬರೆದರು, ಅವರು ಬರೆದದ್ದು ಸರಿಯೇ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ ಹೆಸರಿರುವ ಶಾಸನ ಸಿಕ್ಕಿತು. ಅದಾದ ಮೇಲೆ ನಮ್ಮದೇ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲೂ ಸಿಕ್ಕಿತು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಶಾಸನಗಳಲ್ಲಿ ಮಾತ್ರ ಹೆಸರಿಲ್ಲ.

ಇಷ್ಟಾದರೂ ಏಕೈಕ ಎಂಬ ಪದ ಇಂದಿನ ಕರಡುಗಳಲ್ಲಿ ಬರುತ್ತಲೇ ಇದೆ, ಅದೂ ಮಸ್ಕಿ, ಸಿರುಗುಪ್ಪ ಎರಡಕ್ಕೂ ಬಸ್ಸಿನಲ್ಲಿ ಹೋಗಿ ಬರಬಹುದಾದ ಊರಿನಲ್ಲಿ ಕೂತು ಬರೆದ ಕರಡುಗಳಲ್ಲಿ. ಅಡಿಟಿಪ್ಪಣಿಯಲ್ಲಿ ಹೈದರಾಬಾದ್ ಪುರಾತತ್ವ ಸರಣಿಯ 1915ರ ಸಂಚಿಕೆಯ ಹೆಸರು ಇರುತ್ತದೆ. ಅದನ್ನು ನೋಡಿದ್ದೀರಾ ಅಂದರೆ ಇಲ್ಲ ಸರ್, ಒಂದು ಪಠ್ಯಪುಸ್ತಕದಲ್ಲಿತ್ತು ಅನ್ನುತ್ತಾರೆ. ಹೀಗೆ ಒಂದೇ ಅಡಿಟಿಪ್ಪಣಿಯಲ್ಲಿ ಎರಡು ತಪ್ಪು. ಓದದ್ದನ್ನು ಓದಿದೆ ಅಂದದ್ದು ಒಂದು, ಹಳೆಯ ಕಾಲಕ್ಕೆ ಸರಿಯಾಗಿದ್ದ ಮಾತನ್ನು ಇವತ್ತಿನದು ಅಂತ ಹೇಳಿದ್ದು ಇನ್ನೊಂದು.

ಇದು ನಮ್ಮ ಕಡೆಯವರ ತಪ್ಪು ಮಾತ್ರ ಅಲ್ಲ. ಅಮೆರಿಕದ ಇಬ್ಬರು ಸಂಶೋಧಕರು, ಸಿಮ್ಕಿನ್ ಮತ್ತು ರಾಯ್‌ಚೌಧುರಿ, 2003ರಲ್ಲಿ ಒಂದು ಸರಳ ದಾರಿ ಹಿಡಿದರು. ಪ್ರಸಿದ್ಧ ಲೇಖನಗಳ ಉಲ್ಲೇಖದಲ್ಲಿ ಸಂಪುಟ, ಪುಟದ ಮುದ್ರಣ ದೋಷ ಹೇಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ ಎಂದು ಎಣಿಸಿದರು. ಉಲ್ಲೇಖ ಕೊಟ್ಟವರಲ್ಲಿ ಸುಮಾರು ಶೇ. 20 ಮಂದಿ ಮಾತ್ರ ಮೂಲ ಓದಿರಬಹುದು ಎಂಬುದು ಅವರ ಅಂದಾಜು. ಇದೇ ದಾರಿಯನ್ನು ಪರೀಕ್ಷಕರೂ ಹಿಡಿಯುತ್ತಾರೆ. ಹಳೆಯ ಥೀಸಿಸ್‌ನಲ್ಲಿದ್ದ ತಪ್ಪು ಪುಟ ಸಂಖ್ಯೆ ನಿಮ್ಮದರಲ್ಲೂ ಅದೇ ತಪ್ಪಿನೊಂದಿಗೆ ಬಂದರೆ ಬೇರೆ ಸಾಕ್ಷಿ ಯಾಕೆ ಬೇಕು, ಅಲ್ವಾ?

ಹಾಗಾದರೆ ಮಾಡಬೇಕಾದದ್ದು ಹೀಗೆ. ಬೇಕಾದ ಮಾತು ಒಂದು ಪುಸ್ತಕದಲ್ಲಿ ಸಿಕ್ಕಿತು, ಆ ಪುಸ್ತಕ ಇನ್ನೊಂದನ್ನು ಹೆಸರಿಸುತ್ತದೆ. ಮೊದಲು ಆ ಇನ್ನೊಂದನ್ನು ಹುಡುಕಿ. ವಿಭಾಗದ ಗ್ರಂಥಾಲಯ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಗ್ರಂಥಾಲಯ, ಇಂಟರ್ನೆಟ್ ಆರ್ಕೈವ್, ಥೀಸಿಸ್ ಆದರೆ ಥೀಸಿಸ್‌ಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾ. ಸಿಕ್ಕರೆ ಆ ಪುಟ ಮಾತ್ರವಲ್ಲ, ಹಿಂದೆ ಮುಂದೆ ಎರಡೆರಡು ಪುಟ ಓದಿ. ಲೇಖಕರು ಬೇರೆಯವರ ವಾದವನ್ನು ಹೇಳಿ, ಮುಂದಿನ ಪುಟದಲ್ಲಿ ಅದನ್ನು ತಳ್ಳಿಹಾಕಿರುವುದು ಎಷ್ಟೋ ಸಲ ಇರುತ್ತದೆ. ಒಂದೇ ವಾಕ್ಯ ಕಿತ್ತುಕೊಂಡರೆ ಅವರು ಒಪ್ಪದ ಮಾತನ್ನು ಅವರ ಬಾಯಿಗೆ ಹಾಕಿದ ಹಾಗಾಗುತ್ತದೆ.

ಎಷ್ಟು ಹುಡುಕಿದರೂ ಮೂಲ ಸಿಗದಿದ್ದರೆ ಮುಚ್ಚಿಡಬೇಡಿ. ಮೂಲದ ಹೆಸರು ಬರೆದು, ಇಂಥ ಪುಸ್ತಕದ ಇಂಥ ಪುಟದಲ್ಲಿ ಉದ್ಧೃತ ಎಂದು ಸೇರಿಸಿ. ಗ್ರಂಥಸೂಚಿಗೆ ನೀವು ನಿಜವಾಗಿ ಓದಿದ ಪುಸ್ತಕ ಮಾತ್ರ ಹೋಗಲಿ. ಹೀಗೆ ಬರೆದರೆ ಮರ್ಯಾದೆ ಕಡಿಮೆಯಾಗುತ್ತದೆ ಎಂದು ಹುಡುಗರು ಹೆದರುತ್ತಾರೆ. ಯಾವ ಪರೀಕ್ಷಕರೂ ಇದಕ್ಕೆ ಅಂಕ ಕಡಿದದ್ದು ನಾನು ನೋಡಿಲ್ಲ.

ಹಂತ 4: ಅಂಕಿಯ ಪಕ್ಕದಲ್ಲೇ ವರ್ಷ, ಗಡಿ, ಮೂಲ

ತುಂಗಭದ್ರಾ ಜಲಾಶಯದ ಸಾಮರ್ಥ್ಯ ಎಷ್ಟು? ಒಬ್ಬರ ಕರಡಿನಲ್ಲಿ 133 ಟಿಎಂಸಿ, ಇನ್ನೊಬ್ಬರದರಲ್ಲಿ 100.855, ಮತ್ತೊಬ್ಬರದರಲ್ಲಿ 105.788. ಮೂರೂ ಎಲ್ಲಿಂದಲೋ ಸರಿಯಾಗಿಯೇ ಬಂದದ್ದು. 133 ಎಂಬುದು ಅಣೆಕಟ್ಟು ಕಟ್ಟಿದಾಗಿನ ಲೆಕ್ಕ. ಹೂಳು ತುಂಬಿದ ಮೇಲೆ 2008ರ ಸಮೀಕ್ಷೆಯಲ್ಲಿ 100.855 ಬಂತು, 2016ರ ಸಮೀಕ್ಷೆಯಿಂದ 105.788 ಬಂತು. ವರ್ಷ ಬಿಟ್ಟು ಅಂಕಿ ಮಾತ್ರ ಬರೆದರೆ ಹೂಳಿನ ಕಥೆಯೇ ಮಾಯ. ಒಂದು ಕರಡಿನಲ್ಲಂತೂ ಎರಡನೇ ಅಧ್ಯಾಯದಲ್ಲಿ 133, ನಾಲ್ಕನೇ ಅಧ್ಯಾಯದಲ್ಲಿ 105 ಇತ್ತು, ಬರೆದವರ ಗಮನಕ್ಕೇ ಬಂದಿರಲಿಲ್ಲ.

ಜಿಲ್ಲೆಯ ಗಡಿಯೂ ಹಾಗೇ. 2011ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಗೆ ಸುಮಾರು 24.5 ಲಕ್ಷ ಜನ. ಆದರೆ ಆ ಜಿಲ್ಲೆಯಲ್ಲಿ ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಎಲ್ಲಾ ಇದ್ದವು. 2021ರಲ್ಲಿ ಅವು ವಿಜಯನಗರ ಜಿಲ್ಲೆಗೆ ಹೋದವು. ಇಂದಿನ ಬಳ್ಳಾರಿ ಜಿಲ್ಲೆಯ ಬಗ್ಗೆ ಬರೆಯುತ್ತಾ ಆ ಅಂಕಿಯನ್ನು ಸುಮ್ನೆ ಎತ್ತಿ ಹಾಕಿದರೆ ತಪ್ಪು, ತಾಲೂಕುವಾರು ಕೂಡಿಸಿಯೇ ಬರೆಯಬೇಕು. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾದ ಜಿಲ್ಲೆ, 1991ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆ ಎಂದು ಹುಡುಕಿದರೆ ಸಿಗುವುದಿಲ್ಲ.

ಇನ್ನೂ ಹಿಂದಕ್ಕೆ ಹೋಗುವವರು ಗಮನಿಸಿ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ರಾಯಚೂರು ಮತ್ತು ಕೊಪ್ಪಳ 1956ರವರೆಗೆ ಹೈದರಾಬಾದಿಗೆ. ವರದಿಗಳು ಬೇರೆ ಬೇರೆ ಸರಣಿಯಲ್ಲಿವೆ. ಇಂಗ್ಲಿಷಿನಲ್ಲಿ ಬಳ್ಳಾರಿಯ ಸ್ಪೆಲ್ಲಿಂಗ್ 2014ರಲ್ಲಿ Bellary ಇದ್ದದ್ದು Ballari ಎಂದು ಬದಲಾಗಿದೆ. ಹುಡುಕುವಾಗ ಎರಡೂ ಸ್ಪೆಲ್ಲಿಂಗ್ ಹಾಕಿ, ಆದರೆ ಹಳೆಯ ಪುಸ್ತಕದ ಶೀರ್ಷಿಕೆಯಲ್ಲಿ ಇದ್ದದ್ದನ್ನು ತಿದ್ದಬೇಡಿ.

ಹಂತ 5: ಶಾಸನ, ವಚನ, ಕೀರ್ತನೆ, ಸಂದರ್ಶನ

ಶಾಸನಕ್ಕೆ ಪುಟಕ್ಕಿಂತ ಸಂಪುಟ ಮತ್ತು ಶಾಸನ ಸಂಖ್ಯೆ ಮುಖ್ಯ, ಸಾಧ್ಯವಾದರೆ ಸಾಲಿನ ಸಂಖ್ಯೆ. ವಚನಕ್ಕೆ ಸರ್ಕಾರ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಂಪುಟ ಬಳಸಿದರೆ ಸಂಪುಟ, ವಚನ ಸಂಖ್ಯೆ, ಮುದ್ರಣದ ವರ್ಷ ಮೂರನ್ನೂ ಹಾಕಿ. ವಾಟ್ಸಾಪಿನಲ್ಲಿ ಬಂದ ವಚನವನ್ನು ಬಸವಣ್ಣನವರದು ಎಂದು ಹಾಕಿದವರಿದ್ದಾರೆ, ಸಂಪುಟದಲ್ಲಿ ಹುಡುಕಿದರೆ ಅಂಥದ್ದೇ ಇಲ್ಲ.

ದಾಸ ಸಾಹಿತ್ಯದವರು ಅಂಕಿತದ ಸಾಲನ್ನು ತಪ್ಪದೆ ಬರೆದುಕೊಳ್ಳಿ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ, ಕೇಳಲು ಒಂದೇ ರೀತಿ ಇದ್ದರೂ ದಾಸರು ಬೇರೆ ಬೇರೆ. ಮಾನ್ವಿ ಕಡೆ ಭಜನೆಯಲ್ಲಿ ಕೇಳಿದ ಪಾಠಕ್ಕೂ ಅಚ್ಚಾದ ಪಾಠಕ್ಕೂ ವ್ಯತ್ಯಾಸ ಇದ್ದರೆ ಎರಡನ್ನೂ ಕೊಡಿ, ಯಾವುದು ಎಲ್ಲಿಂದ ಬಂತು ಎಂದೂ ಹೇಳಿ.

ಸಂದರ್ಶನ ಆದರೆ ಊರು, ದಿನಾಂಕ, ರೆಕಾರ್ಡಿಂಗ್ ಯಾರ ಹತ್ತಿರ ಇದೆ ಎಂಬುದು ಇರಲಿ. ಹೆಸರು ಹಾಕುವ ಮೊದಲು ಅವರ ಒಪ್ಪಿಗೆ ಕೇಳಿ.

ಹಂತ 6: ಬರೆಯುವಾಗ ‘ಅದೇ’ ಬೇಡ

ಕನ್ನಡ ಪ್ರಬಂಧಗಳಲ್ಲಿ ಅಡಿಟಿಪ್ಪಣಿ ಹೀಗಿರುತ್ತದೆ: ಅದೇ, ಪು. 45. ಪೂರ್ವೋಕ್ತ, ಪು. 63. ಕರಡಿನ ಹಂತದಲ್ಲಿ ಈ ಎರಡು ಪದ ಬಳಸಲೇಬೇಡಿ.

ಯಾಕೆಂದರೆ ಗೈಡ್ ಒಂದು ಪ್ಯಾರಾ ಮೇಲೆ ಹಾಕಿ ಅನ್ನುತ್ತಾರೆ. ನೀವು ಕತ್ತರಿಸಿ ಮೇಲೆ ಅಂಟಿಸುತ್ತೀರಿ. ಅಡಿಟಿಪ್ಪಣಿಯೂ ಜೊತೆಗೆ ಹೋಗುತ್ತದೆ. ಆಗ ‘ಅದೇ’ ಎಂಬುದು ಅದರ ಮೇಲೆ ಕೂತ ಬೇರೆ ಯಾವುದೋ ಪುಸ್ತಕವನ್ನು ತೋರಿಸುತ್ತದೆ. ಒಂದು ಕರಡಿನಲ್ಲಿ ಹೀಗೆ ಜರುಗಿ ಜರುಗಿ, ಕೃಷಿ ಇಲಾಖೆಯ ವರದಿಯ ಅಡಿಟಿಪ್ಪಣಿಯ ಕೆಳಗೆ ಒಂದು ವಚನದ ‘ಅದೇ’ ಬಂದು ನಿಂತಿತ್ತು. ಪ್ರತಿ ಸಲ ಲೇಖಕರ ಹೆಸರು, ಪುಸ್ತಕದ ಚಿಕ್ಕ ಹೆಸರು, ಪುಟ ಬರೆಯಿರಿ. ವಿಶ್ವವಿದ್ಯಾಲಯ ‘ಅದೇ’ ಬೇಕು ಅಂದರೆ ಕೊನೆಯ ಕರಡು ಗಟ್ಟಿಯಾದ ಮೇಲೆ ಬದಲಿಸಿಕೊಳ್ಳಿ.

ಉಲ್ಲೇಖವನ್ನು ವಾಕ್ಯ ಬರೆದ ಕ್ಷಣವೇ ಹಾಕಿ. ಇಲ್ಲಿ ಯಾವುದೋ ಪುಸ್ತಕ, ಆಮೇಲೆ ನೋಡುವುದು ಎಂದು ಬಿಟ್ಟ ಜಾಗ ಕೊನೆಗೆ ಅಂದಾಜಿನಿಂದಲೇ ತುಂಬುತ್ತದೆ. ಮತ್ತೆ, ಒಂದು ವಾಕ್ಯಕ್ಕೆ ಆರು ಹೆಸರು ಪೇರಿಸಬೇಡಿ. ಆ ಆರರಲ್ಲಿ ಯಾರು ಏನು ಹೇಳಿದರು ಎಂದು ಕೇಳಿದರೆ ಉತ್ತರ ಇರಬೇಕು.

ಹಂತ 7: ಉಲ್ಲೇಖಿಸಿದ್ದು ನಿಜಕ್ಕೂ ಇದೆಯೇ ನೋಡಿ

ಒಂದು ದೊಡ್ಡ ಪ್ರಕಾಶನ ಸಂಸ್ಥೆ ಲೇಖಕರಿಗೆ ಕೊಟ್ಟ ಮಾದರಿಯಲ್ಲಿ ಉಲ್ಲೇಖ ಹೀಗಿರಬೇಕು ಎಂದು ತೋರಿಸಲು ಒಂದು ಕಾಲ್ಪನಿಕ ಲೇಖನದ ವಿವರ ಹಾಕಿತ್ತು. ಲೇಖಕರು ವಾನ್ ಡೆರ್ ಗೀರ್ ಮತ್ತು ಇತರರು, ವರ್ಷ 2000. ಅಂಥ ಲೇಖನವೇ ಇಲ್ಲ. ಆದರೂ ಸುಮಾರು 400 ಲೇಖನಗಳಲ್ಲಿ ಅದರ ಉಲ್ಲೇಖ ಕಾಣಿಸಿಕೊಂಡಿತು ಎಂಬುದು 2017ರಲ್ಲಿ ಬಯಲಾಯಿತು. ಬಹಳ ಕಡೆ ಮಾದರಿಯ ಸಾಲನ್ನು ಅಳಿಸುವುದು ಮರೆತು ಹೋಗಿತ್ತು.

ಈಗ ಚಾಟ್‌ಜಿಪಿಟಿಯಂಥ ಎಐ ಹತ್ತಿರ ಇಂಥ ವಿಷಯಕ್ಕೆ ಹತ್ತು ಆಕರ ಕೊಡು ಅಂದರೆ ಕೊಡುತ್ತದೆ. ಲೇಖಕರ ಹೆಸರು ನಿಜ, ಪತ್ರಿಕೆ ನಿಜ, ಎಷ್ಟೋ ಸಲ ಲೇಖನ ಮಾತ್ರ ಇರುವುದಿಲ್ಲ. ಎಲ್ಲವೂ ಅಷ್ಟು ಸರಿಯಾಗಿ ಕಾಣುವುದರಿಂದಲೇ ಇದು ಹೆಚ್ಚು ಅಪಾಯ.

ಪರೀಕ್ಷಿಸುವುದು ಹೀಗೆ. ಲೇಖನದ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಕ್ರಾಸ್‌ರೆಫ್‌ನಲ್ಲೂ ಗೂಗಲ್ ಸ್ಕಾಲರ್‌ನಲ್ಲೂ ಹುಡುಕಿ. ಡಿಒಐ, ಅಂದರೆ ಲೇಖನಕ್ಕೆ ಅಂಟಿಕೊಂಡ ಶಾಶ್ವತ ಗುರುತಿನ ಸಂಖ್ಯೆ, ಇದ್ದರೆ ಅದನ್ನು ತೆರೆಯಿರಿ, ಅದು ಬೇರೆ ಲೇಖನಕ್ಕೆ ಹೋದರೆ ಅಲ್ಲೇ ನಿಲ್ಲಿ. ಸಿಕ್ಕ ಲೇಖನದ ಹೆಸರು, ಲೇಖಕರು, ವರ್ಷ, ಸಂಪುಟ, ಪುಟ ಈ ಐದನ್ನೂ ನಿಮ್ಮದರ ಜೊತೆ ಹೋಲಿಸಿ. ಎಲ್ಲೂ ಸಿಗದಿದ್ದರೆ ಆ ಪತ್ರಿಕೆಯ ಆ ಸಂಚಿಕೆಯ ಪರಿವಿಡಿ ತೆರೆಯಿರಿ. ಅಲ್ಲೂ ಇಲ್ಲದಿದ್ದರೆ ತೆಗೆದುಹಾಕಿ. ಕನ್ನಡ ಪುಸ್ತಕಗಳಿಗೆ ಡಿಒಐ ಇರುವುದು ಅಪರೂಪ, ಅಲ್ಲಿ ಪುಸ್ತಕವನ್ನೇ ಕೈಯಲ್ಲಿ ಹಿಡಿಯಬೇಕು.

ವಿಜ್ಞಾನ, ಕೃಷಿಯವರು ಲೇಖನ ಹಿಂಪಡೆದಿದ್ದಾರೆಯೇ ಎಂದೂ ನೋಡಬೇಕು. ಲಸಿಕೆಗೂ ಆಟಿಸಂಗೂ ನಂಟು ಹಾಕಿದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂಪಡೆಯಿತು, ಆಮೇಲೂ ಅದನ್ನು ಸರಿಯೆಂಬಂತೆ ಉಲ್ಲೇಖಿಸಿದವರಿದ್ದಾರೆ. ಹಿಂಪಡೆದ ಲೇಖನಗಳ ಪಟ್ಟಿ ಇಡುವ ರಿಟ್ರಾಕ್ಷನ್ ವಾಚ್‌ನ ದತ್ತಾಂಶ ಉಚಿತವಾಗಿದೆ. ಜೊಟೆರೊದಲ್ಲಿ ಇಟ್ಟ ಲೇಖನ ಹಿಂಪಡೆದದ್ದಾದರೆ ಅದು ತಾನೇ ಕೆಂಪು ಎಚ್ಚರಿಕೆ ತೋರಿಸುತ್ತದೆ.

ಹಂತ 8: ಶೇಕಡಾ ಬಂತು ಎಂದು ನೆಮ್ಮದಿಯಾಗಬೇಡಿ

ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಶೇ. 10ರವರೆಗಿನ ಹೋಲಿಕೆಗೆ ದಂಡ ಇಲ್ಲ. 10ರಿಂದ 40, 40ರಿಂದ 60, ಅದಕ್ಕೂ ಮೇಲೆ ಎಂದು ಹಂತ ಹಂತವಾಗಿ ಶಿಕ್ಷೆ ಏರುತ್ತದೆ, 60 ದಾಟಿದರೆ ನೋಂದಣಿಯೇ ರದ್ದು. ಆದರೆ ಈ ಶೇಕಡಾ ಲೆಕ್ಕ ಹಾಕುವ ತಂತ್ರಾಂಶ ನೋಡುವುದು ಅಕ್ಷರದ ಹೋಲಿಕೆ ಮಾತ್ರ. ಪುಟ ಸಂಖ್ಯೆ ತಪ್ಪಿದೆಯೇ, ಲೇಖಕರು ಆ ಮಾತು ಹೇಳಿದ್ದಾರೆಯೇ, ಪುಸ್ತಕ ಇದೆಯೇ, ಇದ್ಯಾವುದೂ ಅದಕ್ಕೆ ಗೊತ್ತಾಗುವುದಿಲ್ಲ. ಶೇ. 6 ಬಂದ ಪ್ರಬಂಧದಲ್ಲೂ ಅರ್ಧ ಅಡಿಟಿಪ್ಪಣಿ ತಪ್ಪಿರಬಹುದು. ವೈದ್ಯಕೀಯ ಪತ್ರಿಕೆಗಳ ಬಗ್ಗೆ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಿಮರ್ಶೆಯಲ್ಲಿ, ಪರೀಕ್ಷಿಸಿದ ಉಲ್ಲೇಖಗಳಲ್ಲಿ ಸುಮಾರು ನಾಲ್ಕಕ್ಕೆ ಒಂದು ಮೂಲಕ್ಕೆ ಸರಿಯಾಗಿ ಹೊಂದುತ್ತಿರಲಿಲ್ಲ. ಅವೆಲ್ಲ ಅಚ್ಚಾಗಿದ್ದ ಲೇಖನಗಳು.

ಹಂತ 9: ಎರಡೂ ಕಡೆಯಿಂದ ತಾಳೆ, ಆಮೇಲೆ ಡಿಟಿಪಿ

ಪ್ರಬಂಧವನ್ನೂ ಗ್ರಂಥಸೂಚಿಯನ್ನೂ ಕಾಗದದ ಮೇಲೆ ಮುದ್ರಿಸಿ. ಜೊತೆಗೆ ಒಬ್ಬ ಗೆಳೆಯರನ್ನು ಕೂರಿಸಿಕೊಳ್ಳಿ. ಅವರು ಅಡಿಟಿಪ್ಪಣಿ ಓದಲಿ, ನೀವು ಗ್ರಂಥಸೂಚಿಯಲ್ಲಿ ಟಿಕ್ ಹಾಕಿ. ಗ್ರಂಥಸೂಚಿಯಲ್ಲಿ ಟಿಕ್ ಬೀಳದೆ ಉಳಿದದ್ದು ಪ್ರಬಂಧದಲ್ಲಿ ಬಳಸದ ಪುಸ್ತಕ. ಟಿಕ್ ಹಾಕಲು ಜಾಗ ಸಿಗದ ಅಡಿಟಿಪ್ಪಣಿ ಗ್ರಂಥಸೂಚಿಯಲ್ಲಿ ಬಿಟ್ಟುಹೋದ ಪುಸ್ತಕ. ಒಂದೇ ದಿನದಲ್ಲಿ ಮುಗಿಯುತ್ತದೆ. ಹೆಸರಿನ ರೂಪವನ್ನೂ ಆಗಲೇ ನೋಡಿ. ಎಂ.ಎಂ. ಕಲಬುರ್ಗಿ, ಕಲಬುರ್ಗಿ ಎಂ.ಎಂ., ಕಲಬುರಗಿ ಎಂದು ಒಬ್ಬರೇ ಲೇಖಕರು ಮೂರು ಕಡೆ ಮೂವರಾಗಿ ಬಂದಿರುತ್ತಾರೆ.

ಆಮೇಲೆ ಡಿಟಿಪಿ ಅಂಗಡಿ. ಅಲ್ಲಿ ಹಳೆಯ ನುಡಿ ಫಾಂಟಿಗೆ, ಅಲ್ಲಿಂದ ಮತ್ತೆ ಯೂನಿಕೋಡ್‌ಗೆ ಬದಲಿಸಿದರೆ ನಡುವೆ ಇದ್ದ ಇಂಗ್ಲಿಷ್ ಪುಸ್ತಕದ ಹೆಸರುಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುತ್ತವೆ. ಯೂನಿಕೋಡ್‌ನಲ್ಲೇ ಉಳಿಸಿ ಎಂದು ಮೊದಲೇ ಹೇಳಿ. ಪ್ರೂಫ್ ಬಂದಾಗ ಮೊದಲು ಅಡಿಟಿಪ್ಪಣಿ ಓದಿ, ಪಠ್ಯ ಆಮೇಲೆ. ಕಣ್ಣು ದಣಿದ ಮೇಲೆ ಅಂಕಿಯ ತಪ್ಪು ಕಾಣುವುದಿಲ್ಲ.

ಅನುಮಾನ ಬರಬೇಕಾದ ಗುರುತುಗಳು

ಬೇರೆ ಬೇರೆ ಪುಸ್ತಕಗಳಿಗೂ ಒಂದೇ ಪುಟ ಸಂಖ್ಯೆ ಬಂದಿದೆ. ಇಡೀ ಪುಸ್ತಕವನ್ನೇ ಉಲ್ಲೇಖಿಸಿದೆ, ಪುಟವೇ ಇಲ್ಲ. ಗ್ರಂಥಸೂಚಿಯಲ್ಲಿ ನಿಮಗೆ ಓದಲು ಬಾರದ ಭಾಷೆಯ ಪುಸ್ತಕ ಇದೆ. ಅಡಿಟಿಪ್ಪಣಿಯ ಕಾಗುಣಿತ ತಪ್ಪು ಇನ್ನೊಬ್ಬರ ಥೀಸಿಸ್‌ನಲ್ಲೂ ಹಾಗೇ ಇದೆ. ‘ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ’ ಎಂಬ ವಾಕ್ಯಕ್ಕೆ ಒಬ್ಬ ವಿದ್ವಾಂಸರ ಹೆಸರೂ ಇಲ್ಲ. ಇವುಗಳಲ್ಲಿ ಒಂದು ಕಂಡರೂ ಆ ಅಧ್ಯಾಯವನ್ನು ಮೂರನೇ ಹಂತದಿಂದ ಮತ್ತೆ ನೋಡಿ.

ಸಲ್ಲಿಸಿದ ಮೇಲೆ ತಪ್ಪು ಕಂಡರೆ

ಕಾಣುತ್ತದೆ, ಎಲ್ಲರಿಗೂ ಕಂಡಿದೆ. ಒಂದು ಹಾಳೆಯಲ್ಲಿ ಪುಟ, ಸಾಲು, ಇದ್ದದ್ದು, ಇರಬೇಕಾದದ್ದು ಎಂದು ನಾಲ್ಕು ಕಾಲಂ ಹಾಕಿ ತಿದ್ದೋಲೆ ಮಾಡಿ. ಗೈಡ್‌ಗೆ ತೋರಿಸಿ ಸಹಿ ಮಾಡಿಸಿ, ಐದಾರು ಪ್ರತಿ ತೆಗೆದು ವೈವಾ ದಿನ ಪರೀಕ್ಷಕರು ಕೇಳುವ ಮೊದಲೇ ಮೇಜಿನ ಮೇಲೆ ಇಡಿ. ಶೋಧಗಂಗಾಕ್ಕೆ ಹೋಗುವ ಪ್ರತಿಯಲ್ಲಿ ಆ ತಿದ್ದುಪಡಿ ಸೇರಿದೆಯೇ ಎಂದು ಗ್ರಂಥಾಲಯಕ್ಕೆ ಸಿಡಿ ಅಥವಾ ಕಡತ ಕೊಡುವ ಮುನ್ನ ತೆರೆದು ನೋಡಿ, ಯಾಕೆಂದರೆ ಮುಂದಿನ ವರ್ಷ ಬರುವ ವಿದ್ಯಾರ್ಥಿ ತೆರೆಯುವುದು ಅದನ್ನೇ.